ಒಬ್ಬ ಸವಾರ, ಒಬ್ಬ ಸಂತ: ನಮ್ಮ ಸೀಮೆಯ ಹದಿನೆಂಟನೇ ಶತಮಾನ

1800ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಕಲ್ಕತ್ತದಿಂದ ಒಂದು ಕರೆ ಬಂತು. ಅವನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಆಗ ಕಂಪನಿ ಸರ್ಕಾರದ ಗವರ್ನರ್ ಜನರಲ್. ಡಚ್ಚರ ಕೈಯಲ್ಲಿದ್ದ ಜಾವಾ ದ್ವೀಪದ ಬಟೇವಿಯಾ ಮೇಲೆ ಹೋಗುವ ದಂಡಿಗೆ ನೀನೇ ಮುಂದಾಳಾಗು ಎಂಬುದು ಆ ಕರೆಯ ಸಾರ. ಹೆಸರು, ಹಣ ಎರಡೂ ಬರುವ ಕೆಲಸ. ಆದರೂ ಆರ್ಥರ್ ಹಡಗು ಹತ್ತಲಿಲ್ಲ. ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಅವನನ್ನು ಮೈಸೂರು ಸೀಮೆಯಲ್ಲೇ ಉಳಿಸಿಕೊಂಡ. ಕಾರಣ ಒಬ್ಬನೇ ಮನುಷ್ಯ. ಅವನು ಹುಟ್ಟಿದ್ದು ನಮ್ಮ ಚನ್ನಗಿರಿಯಲ್ಲಿ. ಹೆಸರು ಧೋಂಡಿಯಾ ವಾಘ್.

ಮುಂದೆ 1815ರಲ್ಲಿ ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಜಗತ್ತಿಗೆಲ್ಲ ಹೆಸರಾದವನು ಇದೇ ಆರ್ಥರ್. ತಾನೇ ಸ್ವತಂತ್ರ ಸೇನಾಪತಿಯಾಗಿ ದಂಡು ನಡೆಸುವುದನ್ನು ಅವನು ಕಲಿತದ್ದು ತುಂಗಭದ್ರೆ, ಮಲಪ್ರಭೆಗಳ ನಡುವಿನ ಎರೆಭೂಮಿಯಲ್ಲಿ, ಧೋಂಡಿಯಾನ ಬೆನ್ನು ಹತ್ತಿ.

ನಾನು ನ್ಯಾಮತಿಯವನು. ಹೊನ್ನಾಳಿ ಸೀಮೆಯ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮೇಷ್ಟ್ರು. ಹದಿನೆಂಟನೇ ಶತಮಾನದ ಪಾಠ ಬಂದಾಗ ವಾಷಿಂಗ್ಟನ್, ನೆಪೋಲಿಯನ್, ರಾಬರ್ಟ್ ಕ್ಲೈವ್, ಹೈದರಾಲಿ, ಟಿಪ್ಪು ಎಂದು ಬೋರ್ಡಿನ ಮೇಲೆ ಹೆಸರುಗಳನ್ನು ಬರೆಸುತ್ತಿದ್ದೆ. ಪಟ್ಟಿಯ ಕೊನೆಗೆ ಇನ್ನೆರಡು ಹೆಸರು ಸೇರಿಸುತ್ತಿದ್ದೆ: ಚನ್ನಗಿರಿಯ ಧೋಂಡಿಯಾ ವಾಘ್, ಸೂರಗೊಂಡನಕೊಪ್ಪದ ಸಂತ ಸೇವಾಲಾಲ್. ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಸೂರಗೊಂಡನಕೊಪ್ಪ ಅವರಿಗೆ ಬಸ್ಸು ಹೋಗುವ ಊರು, ಚನ್ನಗಿರಿ ಅವರ ಅತ್ತೆ ಮಾವಂದಿರ ಊರು. ಪುಸ್ತಕದ ಇತಿಹಾಸ ತಮ್ಮೂರಿಗೂ ಬಂದು ಹೋಗಿದೆ ಎಂಬುದು ಅವರಿಗೆ ಹೊಸ ಸುದ್ದಿ. ಆ ಇಬ್ಬರ ಕಥೆಯನ್ನು ಒಟ್ಟಿಗೆ ಹೇಳಬೇಕು ಎಂಬುದು ನನ್ನ ಬಹುಕಾಲದ ಆಸೆ.

ಮೊದಲು ಸೀಮೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವತ್ತು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ಆಗುವ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಈಚೆಗೆ ಬೇರೆಯಾದ ತಾಲ್ಲೂಕು. ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಜಗಳೂರಿನ ಒಣ ಬಯಲು, ನಡುವೆ ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ ಹರಿಯುವ ಹೊಳೆ. ಮಲೆನಾಡಿನ ಅಕ್ಕಿ ಅಡಿಕೆ ಬಯಲಿಗೆ ಇಳಿಯುವುದಕ್ಕೂ, ಬಯಲಿನ ಜೋಳ ಹತ್ತಿ ಮೇಲಕ್ಕೆ ಹೋಗುವುದಕ್ಕೂ ಇದೇ ದಾರಿ. ವ್ಯಾಪಾರಿ ನಡೆದ ದಾರಿಯಲ್ಲೇ ದಂಡೂ ನಡೆಯಿತು. ನಮ್ಮ ಸೀಮೆಯ ಭಾಗ್ಯವೂ ಅದೇ, ದುಃಖವೂ ಅದೇ.

ಆ ಶತಮಾನದುದ್ದಕ್ಕೂ ಈ ನೆಲದ ಮೇಲೆ ಒಡೆಯರು ಬದಲಾಗುತ್ತಲೇ ಇದ್ದರು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಚನ್ನಗಿರಿ ಕೆಳದಿ ಅರಸರ ಗಡಿಯ ಕೋಟೆ. ಜಗಳೂರು ಕಡೆಯ ಕಣಕುಪ್ಪೆ ಗುಡ್ಡದ ಕೋಟೆ ಚಿತ್ರದುರ್ಗದ ನಾಯಕರದು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಹಿರೇ ಮದಕರಿ ನಾಯಕ ಸತ್ತ. ಅವನ ಪಕ್ಷದಲ್ಲಿ ಕಾದಿದ ಚಂದಾ ಸಾಹೇಬ ಸೆರೆಸಿಕ್ಕ. ಮುಂದೆ ಆರ್ಕಾಟಿನ ನವಾಬಗಿರಿಗಾಗಿ ಫ್ರೆಂಚರನ್ನೂ ಇಂಗ್ಲಿಷರನ್ನೂ ಕಾದಾಟಕ್ಕೆ ಎಳೆದ ಚಂದಾ ಸಾಹೇಬ ಇವನೇ. 1763ರಲ್ಲಿ ಕೆಳದಿ ಅರಸರ ಬಿದನೂರು ಹೈದರಾಲಿಯ ಕೈಸೇರಿತು, 1779ರಲ್ಲಿ ಚಿತ್ರದುರ್ಗ. ದುರ್ಗ ಬಿದ್ದ ಮೇಲೆ ಹೈದರ್ ಸುಮಾರು 20,000 ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಹುಡುಗರನ್ನು ಮತಾಂತರಿಸಿ ಚೇಲಾ ಪಲ್ಟನ್ನು ಕಟ್ಟಿದ. ಯಾರ ಮಗ ಯಾರ ದಂಡಿನಲ್ಲಿ, ಯಾವ ಹೆಸರಿನಲ್ಲಿ ಬೆಳೆಯುತ್ತಾನೋ ಹೇಳಲಾಗದ ಕಾಲ ಅದು.

ಇಂಥ ಕಾಲದ ಕೂಸು ಧೋಂಡಿಯಾ. ಚನ್ನಗಿರಿಯ ಒಂದು ಮರಾಠಾ ಮನೆಯಲ್ಲಿ ಹುಟ್ಟಿದ. ಹೈದರನ ದಂಡಿನಲ್ಲಿ ಸಾಮಾನ್ಯ ಸವಾರನಾಗಿ ಸೇರಿದ. ಅವನಿಗೆ ಪಾಳೆಯಪಟ್ಟಿಲ್ಲ, ಜಹಗೀರಿಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಕಂಪನಿಯ ದಂಡಿನೊಂದಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಟಿಪ್ಪುವಿನ ದಂಡು ಬಿಟ್ಟು, ಜೊತೆಗೊಂದಿಷ್ಟು ಸವಾರರನ್ನು ಕಟ್ಟಿಕೊಂಡು ಲಕ್ಷ್ಮೇಶ್ವರದ ಕಡೆಗೆ ಹೋದ. 1793ರ ಜನವರಿಯಲ್ಲಿ ಹಾವೇರಿ ಹಿಡಿದ, ಆಮೇಲೆ ಸವಣೂರು. ಮರಾಠಾ ಸರದಾರ ಧೋಂಡೋಪಂತ ಗೋಖಲೆ ಬಂದು ಬಡಿದಾಗ ಸೋತು, 1794ರಲ್ಲಿ ಟಿಪ್ಪುವಿನ ಆಶ್ರಯಕ್ಕೇ ಮರಳಿ ಬಂದ. ಸುಲ್ತಾನ ಅವನ ಧರ್ಮ ಬದಲಿಸಿದ, ಹೆಸರು ಬದಲಿಸಿದ, ಕೊನೆಗೆ ಸೆರೆಗೆ ಹಾಕಿದ. ದುರ್ಗದ ಬೇಡರ ಹುಡುಗರಿಗೆ ಆದದ್ದು ಅವರ ನೆರೆಸೀಮೆಯ ಈ ಸವಾರನಿಗೂ ಆಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲಲ್ಲೇ ಕಾದಿ ಸತ್ತ. ಊರಿನ ಸೆರೆಮನೆಗಳ ಬಾಗಿಲು ತೆರೆದವು. ಧೋಂಡಿಯಾ ಹೊರಬಿದ್ದ. ಒಂದೇ ದಿನದಲ್ಲಿ ಒಂದು ದೊಡ್ಡ ರಾಜ್ಯದ ದಂಡು ಕೆಲಸ ಕಳೆದುಕೊಂಡಿತ್ತು. ಸವಾರನಿಗೆ ಕುದುರೆಯೇ ಹೊಲ, ಕುದುರೆಯೇ ಮನೆ. ಸಂಬಳ ನಿಂತರೆ ಕುದುರೆಗೆ ಹುಲ್ಲು ಹುರುಳಿಯೂ ಇಲ್ಲ, ಮಕ್ಕಳಿಗೆ ಅಂಬಲಿಯೂ ಇಲ್ಲ. ಅಂಥ ಸಾವಿರಾರು ಜನ ದಿಕ್ಕಿಲ್ಲದೆ ನಿಂತಿದ್ದಾಗ ನನ್ನ ಜೊತೆ ಬನ್ನಿ ಎಂದು ಕರೆದವನು ಧೋಂಡಿಯಾ. ಅವನು ನೇರ ನಮ್ಮ ಕಡೆಗೇ ಬಂದ. ಬಿದನೂರು, ಶಿವಮೊಗ್ಗ ಸೀಮೆಯ ಕೋಟೆಗಳು ಒಂದೊಂದಾಗಿ ಅವನ ವಶವಾದವು. ಅತ್ತ ಮೈಸೂರಿನಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ, ಪೂರ್ಣಯ್ಯನ ದಿವಾನಗಿರಿ. ಇತ್ತ ಹೊಳೆಯ ದಂಡೆಯಲ್ಲಿ ಸವಾರನೊಬ್ಬನ ದರಬಾರು.

ಕಂಪನಿ ಎರಡು ದಂಡು ಕಳಿಸಿತು, ಒಂದಕ್ಕೆ ಸ್ಟೀವನ್ಸನ್, ಇನ್ನೊಂದಕ್ಕೆ ಡಾಲ್ರಿಂಪಲ್ ಮುಂದಾಳು. ಶಿವಮೊಗ್ಗ, ಹೊನ್ನಾಳಿಯ ಕೋಟೆಗಳನ್ನು ಲಗ್ಗೆಯಿಟ್ಟು ಹಿಡಿದರು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಧೋಂಡಿಯಾನ ಪಾಳೆಯ ಮುರಿಯಿತು. ಅವನು ಗಡಿ ದಾಟಿ ಮರಾಠರ ಸೀಮೆಗೆ ತಪ್ಪಿಸಿಕೊಂಡ. ಅಲ್ಲಿಗೆ ಮುಗಿಯಿತು ಎಂದುಕೊಂಡವರ ಎದುರು ಮರುವರ್ಷ ಅವನು ಮತ್ತೆ ಎದ್ದು ನಿಂತ. ಈ ಸಲ ಬಿರುದೂ ಇತ್ತು: ಉಭಯಲೋಕಾಧೀಶ್ವರ, ಎರಡು ಲೋಕಗಳ ಒಡೆಯ.

ಆ ಬಿರುದನ್ನು ನೋಡಿ ನಕ್ಕವರು ಬಹಳ. ನನಗೆ ನಗು ಬರುವುದಿಲ್ಲ. ಅದೇ ಶತಮಾನದಲ್ಲಿ ರಷ್ಯಾದಲ್ಲಿ ಪುಗಚೋವ್ ಎಂಬ ಕೊಸಾಕ್ ಸೈನಿಕ, ದಂಡು ಬಿಟ್ಟು ಬಂದವನು, ನಾನೇ ಸತ್ತ ಚಕ್ರವರ್ತಿ ಮೂರನೇ ಪೀಟರ್ ಎಂದು ಸಾರಿ ರೈತರನ್ನೂ ಜೀತದವರನ್ನೂ ಎಬ್ಬಿಸಿದ. 1775ರಲ್ಲಿ ಮಾಸ್ಕೋದಲ್ಲಿ ಅವನ ತಲೆ ಹೋಯಿತು. ಹೈಟಿಯಲ್ಲಿ ಗುಲಾಮನಾಗಿ ಹುಟ್ಟಿದ ತೂಸಾಂ ಲೂವೆರ್ಟೂರ್ ದ್ವೀಪವನ್ನೇ ಆಳಿದ. ತಂದೆಯಿಂದ ಗಾದಿ ಬರದವನು ತನ್ನ ಹಕ್ಕನ್ನು ಹೇಳಿಕೊಳ್ಳಲು ಆ ಕಾಲದಲ್ಲಿ ಇದ್ದ ಮಾತು ಅರಸುತನದ ಮಾತೊಂದೇ. ಚನ್ನಗಿರಿಯ ಸವಾರ ಆಡಿದ್ದೂ ಅದನ್ನೇ.

1800ರ ಬೇಸಿಗೆಯಲ್ಲಿ ಅವನ ಕಡೆಗೆ ಜನ ಹರಿದು ಬಂದರು. ಚಿತ್ರದುರ್ಗದ ಕಡೆ ಬೇಟೆಗೆ ಹೋದಾಗ ವೆಲ್ಲೆಸ್ಲಿಯನ್ನೇ ಹಿಡಿದೊಯ್ಯುವ ಹೂಟವೂ ನಡೆದಿತ್ತು. ಜೂನ್ ಕೊನೆಗೆ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ ರಾಣೇಬೆನ್ನೂರು ಹಿಡಿದ. ಜೂನ್ 30ರಂದು ಕಿತ್ತೂರು ಕಡೆ ಧೋಂಡಿಯಾ ತನ್ನ ಹಳೆಯ ವೈರಿ ಧೋಂಡೋಪಂತ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದ. ಗೋಖಲೆಯ ನೆತ್ತರಲ್ಲಿ ಮೀಸೆ ಅದ್ದುತ್ತೇನೆಂದು ಆಣೆಯಿಟ್ಟಿದ್ದವನು ಆಣೆ ತೀರಿಸಿಕೊಂಡ ಎಂದು ಹೇಳುತ್ತಾರೆ. ಆಮೇಲೆ ಕುಂದಗೋಳ, ಡಂಬಳ ಕೋಟೆಗಳು ಜುಲೈನಲ್ಲಿ ವೆಲ್ಲೆಸ್ಲಿಯ ವಶವಾದವು. ಜುಲೈ 30ರಂದು ಮುನವಳ್ಳಿ ಬಳಿ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಪಾಳೆಯದ ಒಂದು ಭಾಗ ಸಿಕ್ಕಿಬಿದ್ದು, ತುಂಬಿದ ಹೊಳೆಗೆ ಹಾರಿದವರಲ್ಲಿ ಅನೇಕರು ಮುಳುಗಿ ಸತ್ತರು.

ಕೊನೆ ಬಂದದ್ದು ನಿಜಾಮನ ಸೀಮೆಯ ಕೋಣಗಲ್ಲಿನಲ್ಲಿ, 1800ರ ಸೆಪ್ಟೆಂಬರ್ 10ರಂದು. ಧೋಂಡಿಯಾನ ಬೆನ್ನಿಗೆ ಊರು, ಬಂಡೆ. ಮುಂದೆ ಅವನ ಸುಮಾರು 5,000 ಸವಾರರು. ವೆಲ್ಲೆಸ್ಲಿಯ ಬಳಿ ಇದ್ದದ್ದು ನಾಲ್ಕು ರೆಜಿಮೆಂಟು ಕುದುರೆ ದಂಡು ಮಾತ್ರ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಸತ್ತ. ಅವನ ಹೆಣವನ್ನು ಫಿರಂಗಿಯ ಮೇಲೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನಿನ ನಡುವೆ ನಾಲ್ಕು ವರ್ಷದ ಒಂದು ಗಂಡು ಮಗು ಸಿಕ್ಕಿತು, ಸಲಾಬತ್ ಖಾನ್, ಧೋಂಡಿಯಾನ ಮಗ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ಒಯ್ದು ಸಾಕಿದ. 1805ರಲ್ಲಿ ಇಂಡಿಯಾ ಬಿಡುವಾಗ ಹುಡುಗನ ಖರ್ಚಿಗೆ ಹಣ ಇಟ್ಟು ಹೋದ. ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿದ ಸಲಾಬತ್ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಅಲ್ಲಿಗೆ ಚನ್ನಗಿರಿಯ ಸವಾರನ ಕಥೆ ಮುಗಿಯಿತು.

ಅವನನ್ನು ಏನೆಂದು ಕರೆಯೋಣ? ಇಂಗ್ಲಿಷರು ಲೂಟಿಕೋರ ಎಂದರು. ಈಚಿನ ಕೆಲವರು ಮೊದಲ ಸ್ವಾತಂತ್ರ್ಯ ಹೋರಾಟಗಾರ ಎನ್ನುತ್ತಾರೆ. ಅವನು ಲೂಟಿ ಮಾಡಿದ್ದು ನಿಜ. ಕಂಪನಿಯ ಮುಂದೆ ಅನೇಕರು ತಲೆಬಾಗಿದ ವರ್ಷದಲ್ಲಿ ಅವನು ಬಾಗಲಿಲ್ಲ ಎಂಬುದೂ ನಿಜ. ಆಗ ಕೆನರಾದ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಗೆಳೆಯ ವೆಲ್ಲೆಸ್ಲಿಗೆ ಬರೆಯುತ್ತ, ನಿಮ್ಮ ದಂಡು ಅಡ್ಡ ಬರದಿದ್ದರೆ ಈ ಮನುಷ್ಯ ಸ್ವತಂತ್ರ ದೊರೆಯಾಗಿ ಹೊಸ ವಂಶವನ್ನೇ ಸ್ಥಾಪಿಸುತ್ತಿದ್ದ ಎಂಬರ್ಥದ ಮಾತು ಬರೆದ. ಹೈದರ್ ಕೂಡ ಸಣ್ಣ ಚಾಕರಿಯಿಂದಲೇ ಮೇಲೆ ಬಂದವನು. ಅವನಿಗೆ ಸಿಕ್ಕಷ್ಟು ಕಾಲ ಧೋಂಡಿಯಾನಿಗೆ ಸಿಗಲಿಲ್ಲ. ನನ್ನ ಮಟ್ಟಿಗೆ ಇಬ್ಬರ ನಡುವಿನ ಅಂತರ ಅಷ್ಟೇ.

ಈಗ ಇನ್ನೊಬ್ಬರ ಕಡೆಗೆ ಬರುತ್ತೇನೆ. ಬಂಜಾರರ, ಅಂದರೆ ಲಂಬಾಣಿಗಳ ಪರಂಪರೆ ಹೇಳುವಂತೆ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರು. ತಂದೆ ಭೀಮಾನಾಯ್ಕ, ತಾಯಿ ಧರ್ಮಣಿ. ಹುಟ್ಟಿದ ಜಾಗ ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಭಾಯಾಗಡ. ಭೀಮಾನಾಯ್ಕರು ಸಾವಿರಾರು ದನಗಳ ಒಡೆಯರು, ದೊಡ್ಡ ತಾಂಡಾದ ನಾಯಕರು. ಸೇವಾಲಾಲರು ಮದುವೆಯಾಗಲಿಲ್ಲ. ದನ ಕಾಯುತ್ತ, ಎತ್ತಿನ ಸಾಲಿನ ಜೊತೆ ನಡೆಯುತ್ತ, ತಾಂಡಾದಿಂದ ತಾಂಡಾಕ್ಕೆ ಹೋಗಿ ಕಳ್ಳತನ ಬೇಡ, ಸುಳ್ಳು ಬೇಡ, ಹೆಂಡ ಬೇಡ, ಜೀವಿಗಳನ್ನು ನೋಯಿಸಬೇಡಿ ಎಂದು ತಿಳಿಹೇಳಿದರು. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ನ್ಯಾಮತಿಯಿಂದ ವಿದರ್ಭದವರೆಗೆ ಹಬ್ಬಿದ ಆ ಒಂದು ಬಾಳು ಲಂಬಾಣಿ ಎತ್ತುಗಳು ಎಷ್ಟು ದೂರ ನಡೆಯುತ್ತಿದ್ದವು ಎಂಬುದನ್ನೂ ಹೇಳುತ್ತದೆ.

ಲಂಬಾಣಿಗಳ ಬದುಕು ನಿಂತಿದ್ದು ಹೇರೆತ್ತಿನ ಮೇಲೆ. ಬಂಡಿ ಹೋಗದ ಘಟ್ಟದ ದಾರಿಯಲ್ಲಿ, ಕೆಸರಿನಲ್ಲಿ, ಕಾಡಿನಲ್ಲಿ ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಗೋಣಿ ಇಳಿಬಿಟ್ಟು ಸಾಲಾಗಿ ನಡೆಸುತ್ತಿದ್ದರು. ಇದಕ್ಕೆ ಅವರು ಲದೇಣಿ ಎನ್ನುತ್ತಾರೆ. ಕರಾವಳಿಯ ಉಪ್ಪು ಮೇಲಕ್ಕೆ, ಬಯಲಿನ ಕಾಳುಕಡಿ ಕೆಳಕ್ಕೆ. ಗಂಡಸು, ಹೆಂಗಸು, ಮಕ್ಕಳು, ನಾಯಿ, ದೇವರು ಎಲ್ಲವೂ ಜೊತೆಗೇ ಸಾಗುತ್ತಿದ್ದವು.

ಯುದ್ಧ ಬಂದಾಗ ಇದೇ ಎತ್ತಿನ ಸಾಲು ದಂಡಿನ ಹೊಟ್ಟೆಗೆ ಆಧಾರ. ಇದರ ಬೆಲೆ ಕಾರ್ನ್‌ವಾಲಿಸನಿಗೆ ತಿಳಿದದ್ದು 1791ರ ಮೇ ತಿಂಗಳಲ್ಲಿ. ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದಿದ್ದ ಅವನ ದಂಡಿನಲ್ಲಿ ಎತ್ತುಗಳು ರೋಗದಿಂದ, ಮೇವಿಲ್ಲದೆ ಸತ್ತವು, ಅಕ್ಕಿ ಮುಗಿಯಿತು. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆದುಹಾಕಿ ಹಿಂದೆ ತಿರುಗಿದ. ಅಮೆರಿಕದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಅದೇ ಕಾರ್ನ್‌ವಾಲಿಸ್ ಇಲ್ಲಿ ಎತ್ತಿಲ್ಲದೆ ಹಿಮ್ಮೆಟ್ಟಿದ. ಮುಂದಿನ ಸಲ ಬರುವಾಗ ಅವನ ದಂಡಿನ ಹಿಂದೆ ಬಂಜಾರರ ಸಾವಿರಾರು ಎತ್ತುಗಳು ಧಾನ್ಯ ಹೊತ್ತಿದ್ದವು. 1792ರ ಫೆಬ್ರವರಿಯಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ವೆಲ್ಲೆಸ್ಲಿಯೂ ಧೋಂಡಿಯಾನ ಬೆನ್ನುಹತ್ತಿದ್ದು ಬಂಜಾರರ ಅಕ್ಕಿ ನಂಬಿಕೊಂಡೇ. ಆ ಕಾಲದ ಅವನ ಕಾಗದಗಳಲ್ಲಿ ಕತ್ತಿಗಿಂತ ಎತ್ತಿನ ಮಾತು, ಅಕ್ಕಿಯ ಮಾತು ಹೆಚ್ಚು.

ನಮ್ಮ ಸೀಮೆಯ ರೈತನ ಪಾಲಿಗೆ ಆ ವರ್ಷಗಳು ಹೇಗಿದ್ದವು? 1791ರ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಹೊಳೆಹೊನ್ನೂರು ಹಿಡಿದು ಶಿವಮೊಗ್ಗಕ್ಕೆ ಬಂತು. ಅದರ ಜೊತೆಗಿದ್ದ ಕಂಪನಿಯ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ ಇದ್ದ. ಗಾಜನೂರಿನ ಕಾಳಗದಲ್ಲಿ ಗಾಯಗೊಂಡು ಊರಿಗೆ ಮರಳಿದ ಅವನೇ ಮುಂದೆ 1810ರಲ್ಲಿ ಹಿಂದೂ ದೇವತೆಗಳ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದು ಹೆಸರಾದ. ದಂಡು ಹೋದ ದಾರಿಯಲ್ಲಿ ಊರುಗಳು ಉರಿದವು, ಕಣಜಗಳು ಬರಿದಾದವು. ದಖ್ಖನಿನಲ್ಲೆಲ್ಲ ತಲೆಬುರುಡೆಯ ಬರ ಎಂದು ಹೆಸರಾದ ಕ್ಷಾಮ ಬಿದ್ದದ್ದೂ ಅದೇ ಹೊತ್ತಿನಲ್ಲಿ. 1801ರಲ್ಲಿ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಶಿವಮೊಗ್ಗದಿಂದ ಬಸವಾಪಟ್ಟಣ, ಹರಿಹರ, ದಾವಣಗೆರೆಗಳ ಮೇಲೆ ಚಿತ್ರದುರ್ಗಕ್ಕೆ ಹೋದಾಗ, ದಂಡುಗಳು ಬಿಟ್ಟುಹೋದ ಹಾಳನ್ನು ದಾರಿಯುದ್ದಕ್ಕೂ ಬರೆದುಕೊಂಡ. ಹತ್ತು ವರ್ಷದಲ್ಲಿ ಟಿಪ್ಪುವಿನ, ಮರಾಠರ, ಧೋಂಡಿಯಾನ, ಕಂಪನಿಯ ದಂಡುಗಳನ್ನು ಕಂಡ ಹೊಲಗಳು ಅವು. ಯಾವ ದಂಡೂ ಬಿತ್ತಲು ಬಂದಿರಲಿಲ್ಲ.

ಇದನ್ನೆಲ್ಲ ನೆನೆದಾಗ ಸೇವಾಲಾಲರ ಹಿರಿಮೆ ನನಗೆ ಇನ್ನಷ್ಟು ತಿಳಿಯುತ್ತದೆ. ಸುತ್ತಲೂ ಕಸಿದು ತಿನ್ನುವುದೇ ಶೌರ್ಯವಾಗಿದ್ದ ಕಾಲದಲ್ಲಿ, ಹಗಲಿರುಳೂ ದಂಡುಗಳ ನಡುವೆ ಓಡಾಡುವ ಜನಕ್ಕೆ ಅವರು ಕಸಿಯಬೇಡಿ ಎಂದು ಹೇಳಿದರು. ಎತ್ತಿನ ಮೇಲೆ ಹೇರಿದ ಗೋಣಿ ಎಷ್ಟೋ ಸಲ ಬಂಜಾರನದ್ದಲ್ಲ. ಸಾಹುಕಾರ ನಂಬಿ ಕೊಟ್ಟದ್ದು. ಆ ನಂಬಿಕೆ ಮುರಿದರೆ ಲದೇಣಿಯೇ ಮುರಿಯಿತು. ಸೇವಾಲಾಲರ ಉಪದೇಶದ ಹಿಂದೆ ಆ ಕಸುಬಿನ ಗಟ್ಟಿ ಲೋಕಜ್ಞಾನವೂ ಇದೆ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಕುದುರೆಯೇರಿ ಊರೂರು ಸುತ್ತಿ ಗಣಿ ಕೂಲಿಗಳಿಗೆ ಬಯಲಲ್ಲೇ ಧರ್ಮ ಹೇಳುತ್ತಿದ್ದ. ವೆಸ್ಲಿಯ ಮಾತನ್ನು ಬರೆದಿಡಲು ಅಚ್ಚುಕೂಟಗಳಿದ್ದವು. ಸೇವಾಲಾಲರ ಮಾತು ಹೆಣ್ಣುಮಕ್ಕಳ ಹಾಡಿನಲ್ಲಿ, ಹಿರಿಯರ ನೆನಪಿನಲ್ಲಿ ಉಳಿದು ಬಂತು.

ನನ್ನ ತರಗತಿಯ ಒಬ್ಬ ಹುಡುಗ ತನ್ನ ತಾಂಡಾಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದ. ಅವನ ಅಜ್ಜಿ ಕನ್ನಡಿ ಹೊಲಿದ ರವಿಕೆ ತೊಟ್ಟು ಕಟ್ಟೆಯ ಮೇಲೆ ಕೂತು ಸೇವಾಲಾಲರ ದನಗಳ ಹಾಡು ಹೇಳಿದರು. ದನಗಳ ಬಣ್ಣ, ಕೊಂಬು, ಕೊರಳ ಗಂಟೆ, ನೀರು ಕುಡಿದ ಹಳ್ಳಗಳ ಹೆಸರು ಒಂದೊಂದಾಗಿ ಬಂದವು. ಅವರ ಮಾತು ಗೋರ್‌ಬೋಲಿ ನನಗೆ ಬಾರದು. ಮೊಮ್ಮಗ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋದ. ಹಾಡು ಮುಗಿದ ಮೇಲೆ ಅಜ್ಜಿ, “ಮೇಷ್ಟ್ರೇ, ಇದು ನಿಮ್ಮ ಪುಸ್ತಕದಾಗೆ ಐತಾ?” ಎಂದರು. “ಇಲ್ಲಮ್ಮಾ” ಎಂದೆ. “ಹಂಗಾರೆ ಬರಕಳ್ರಿ” ಎಂದರು. ಆ ಮಾತಿನ ಋಣ ನನ್ನ ಮೇಲಿದೆ.

ಹತ್ತೊಂಬತ್ತನೇ ಶತಮಾನ ಇಬ್ಬರ ಜನಕ್ಕೂ ಕಷ್ಟದ್ದೇ ಆಯಿತು. ಸವಾರರಿಗೆ ಕೆಲಸ ಕೊಡುವ ದರಬಾರುಗಳು ಮುಗಿದವು. ಗಾಡಿ ರಸ್ತೆ, ಆಮೇಲೆ ರೈಲು ಬಂದು ಹೇರೆತ್ತಿನ ಕಸುಬನ್ನು ನುಂಗಿದವು. ಒಂದು ಕಾಲಕ್ಕೆ ಕಾರ್ನ್‌ವಾಲಿಸನ ದಂಡಿಗೆ ಅನ್ನ ಹೊತ್ತ ಬಂಜಾರರನ್ನು 1871ರ ಕಾಯಿದೆಯ ಕೆಳಗೆ ಹಲವು ಪ್ರಾಂತ್ಯಗಳಲ್ಲಿ ಹುಟ್ಟು ಅಪರಾಧಿಗಳ ಪಟ್ಟಿಗೆ ಸೇರಿಸಿದರು. ಇದಕ್ಕಿಂತ ದೊಡ್ಡ ಕೃತಘ್ನತೆಯನ್ನು ನಾನು ಇತಿಹಾಸದಲ್ಲಿ ಹೆಚ್ಚು ಕಂಡಿಲ್ಲ.

ಇವತ್ತು ಪ್ರತಿ ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಜನ ಬರುತ್ತಾರೆ. ಮಾಲೆ ಧರಿಸಿದವರು ನಡೆದೇ ಬರುತ್ತಾರೆ. ಸರ್ಕಾರವೂ ಜಯಂತಿ ಮಾಡುತ್ತದೆ. ಚನ್ನಗಿರಿಯ ಗುಡ್ಡದ ಕೋಟೆಗೆ ಹತ್ತಿದವರು ಬೆಟ್ಟದ ರಂಗನಾಥನಿಗೆ ಕೈಮುಗಿದು ಇಳಿಯುತ್ತಾರೆ. ಧೋಂಡಿಯಾನ ಹೆಸರು ಕೇಳಿದವರು ಅವರಲ್ಲಿ ವಿರಳ. ಹೀಗಾದದ್ದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ಕಸಿದವನ ಕಥೆ ಅವನ ಮಗನೊಂದಿಗೆ ಮುಗಿಯಿತು, ಹೊತ್ತು ತಂದವರ ಗುರು ಜನರ ಮನೆಯಲ್ಲಿ ಉಳಿದರು. ಜನ ತೂಗಿದ ತಕ್ಕಡಿ ಸರಿಯಾಗಿಯೇ ಇದೆ. ಆದರೆ ಇತಿಹಾಸ ಕಲಿಯುವವರಿಗೆ ಇಬ್ಬರೂ ಬೇಕು. ಒಂದು ಶತಮಾನ ಹೇಗೆ ಕೆಟ್ಟಿತು, ಆ ಕೇಡಿನೊಳಗೂ ಜನ ಹೇಗೆ ನೆಟ್ಟಗೆ ನಿಂತರು ಎಂಬುದು ಇಬ್ಬರನ್ನೂ ಒಟ್ಟಿಗೆ ಇಟ್ಟಾಗಲೇ ತಿಳಿಯುವುದು.

ಈ ನಾಲ್ಕೂ ತಾಲ್ಲೂಕಿನ ಶಾಲೆಗಳ ನನ್ನ ಕಿರಿಯ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಪ್ರವಾಸ ಎಂದರೆ ಮೈಸೂರು, ಹಂಪಿ ಮಾತ್ರ ಎಂದುಕೊಳ್ಳಬೇಡಿ. ಮಕ್ಕಳನ್ನು ಚನ್ನಗಿರಿಯ ಕೋಟೆಗೆ, ಹೊನ್ನಾಳಿಯ ಹೊಳೆದಂಡೆಗೆ, ಕಣಕುಪ್ಪೆಯ ಗುಡ್ಡಕ್ಕೆ, ಸೂರಗೊಂಡನಕೊಪ್ಪಕ್ಕೆ ಕರೆದುಕೊಂಡು ಹೋಗಿ. ತಾಂಡಾಗಳಲ್ಲಿ ಹಾಡು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ನಿಮ್ಮ ಫೋನುಗಳಲ್ಲಿ ಆ ಹಾಡುಗಳನ್ನು ಹಿಡಿದಿಡಿ, ಮಕ್ಕಳ ಕೈಯಲ್ಲೇ ಬರೆಸಿ. ಇನ್ನು ಹತ್ತು ವರ್ಷ ತಡೆದರೆ ಬರೆಸಲು ಯಾರೂ ಇರುವುದಿಲ್ಲ.